ಬಟ್ಟೆ ಬೇಗ ಒಣಗುವ ಊರು

ಜೂನ್ ಕೊನೆಯಲ್ಲಿ ಮಲೆನಾಡಿನ ಸಾಗರದ ಕಡೆಯಿಂದ ಚಿಕ್ಕಮ್ಮ ಫೋನ್ ಮಾಡಿದರು. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಅಲ್ಲಿನ ಡಾಕ್ಟರ್ ಒಬ್ಬರು, "ಈ ಮಳೇಲಿ ನಿಮ್ಮ ಉಬ್ಬಸ ಕಡಿಮೆ ಆಗಲ್ಲಮ್ಮ, ಬಯಲುಸೀಮೆ ಕಡೆ ನೆಂಟರಿದ್ದರೆ ನಾಲ್ಕು ತಿಂಗಳು ಹೋಗಿದ್ದು ಬನ್ನಿ" ಅಂದಿದ್ದರಂತೆ. "ನಿಮ್ಮ ದಾವಣಗೆರೆಗೆ ಬರಲೇನೇ?" ಅಂತ ಕೇಳುವಾಗ ದನಿಯಲ್ಲಿ ಸಂಕೋಚ ಇತ್ತು. ಅದೇನು ಕೇಳೋದು, ಬನ್ನಿ ಅಂದೆ. ಮಾರನೇ ದಿನವೇ ಚಿಕ್ಕಪ್ಪ ಬಸ್ಸು ಹತ್ತಿಸಿದರು.

ಫೋನ್ ಇಟ್ಟ ಮೇಲೆ ನನಗೆ ನೆನಪಾಗಿದ್ದು ದುರ್ಗದ ಮಾವ.

ದುರ್ಗದ ಮಾವ ಅಂದರೆ ಅಜ್ಜಿಯ ಅಣ್ಣ. ಅಮ್ಮನಿಗೂ ಚಿಕ್ಕಮ್ಮನಿಗೂ ಸೋದರಮಾವ. ಅವರನ್ನು ನಾನು ನೋಡಿಲ್ಲ, ಅಮ್ಮನೂ ನೋಡಿಲ್ಲ. ಚಿತ್ರದುರ್ಗದಲ್ಲಿ ಇದ್ದದ್ದು ಬರೀ 14 ತಿಂಗಳು, ಆದರೂ ಮನೆಯಲ್ಲಿ ಅವರ ಹೆಸರೇ ಆ ಊರಿನದಾಗಿಬಿಟ್ಟಿತು. ಹುಟ್ಟಿ ಬೆಳೆದದ್ದು ಹೊಸನಗರದ ಹತ್ತಿರದ ಹಳ್ಳಿ. 1947ರಲ್ಲಿ ಕೆಮ್ಮು ಹಿಡಿಯಿತು, ಸಂಜೆ ಹೊತ್ತು ಜ್ವರ, ರಾತ್ರಿ ಬೆವರು, ಆಮೇಲೆ ಒಂದು ದಿನ ಕರ್ಚೀಫಿನಲ್ಲಿ ರಕ್ತ. ಶಿವಮೊಗ್ಗದ ಡಾಕ್ಟರು ಎದೆ ನೋಡಿ, ಇದು ಕ್ಷಯ, ಮಲೆನಾಡಿನ ಈ ಥಂಡಿ ಬಿಟ್ಟು ಒಣ ಹವೆ ಇರೋ ಊರಿಗೆ ಕಳಿಸಿ, ಬೆಳಗಿನ ಬಿಸಿಲು ಕಾಯಿಸಿ, ಹಾಲು ಮೊಟ್ಟೆ ಕೊಡಿ, ಮೀನೆಣ್ಣೆ ಕುಡಿಸಿ ಅಂದರಂತೆ. ಆಗ ಅವರಿಗೆ 26 ವರ್ಷ.

ಅಲ್ಲಿಂದ ಅವರು ಅಜ್ಜಿಗೆ ಬರೆದ 11 ಕಾರ್ಡುಗಳು ಈಗ ನನ್ನ ಹತ್ತಿರ ಇವೆ, ಬಿಸ್ಕತ್ ಡಬ್ಬಿಯಲ್ಲಿ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಜಾಗ ಸಾಲದೆ ಅಂಚಿನಲ್ಲೆಲ್ಲ ಅಡ್ಡಡ್ಡ ಬರೆದಿದ್ದಾರೆ. ಕಾಯಿಲೆ ಮಾತು ಕಡಿಮೆ. ಕೌಲಿ ಕರು ಹಾಕಿತಾ, ಗದ್ದೆ ನಾಟಿ ಆಯ್ತಾ, ಅಪ್ಪಯ್ಯನ ಕಾಲು ನೋವು ಹೇಗಿದೆ, ಇಂಥವೇ. ಇಲ್ಲಿನ ಜೋಳದ ರೊಟ್ಟಿ ಇನ್ನೂ ಒಗ್ಗಿಲ್ಲ, ಗಂಜಿ ಊಟ ನೆನಪಾಗುತ್ತದೆ ಅಂತ ಒಂದರಲ್ಲಿದೆ. ಎರಡನೇ ಕಾರ್ಡಿನಲ್ಲಿ ಹೀಗೆ ಬರೆದಿದ್ದಾರೆ: "ಇಲ್ಲಿ ಒಗೆದ ಪಂಚೆ ಎರಡು ಗಳಿಗೆಯೊಳಗೆ ಒಣಗುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಒಲೆಯ ಮೇಲೆ ಗಳಕ್ಕೆ ಹಾಕಿ ಒಣಗಿಸುತ್ತೇವಲ್ಲ, ಆ ಹೊಗೆ ವಾಸನೆ ಇಲ್ಲ. ನೀನು ನೋಡಬೇಕಿತ್ತು."

ಮಲೆನಾಡಿನವರಿಗೆ ಇದು ಎಷ್ಟು ದೊಡ್ಡ ಸಂಗತಿ ಅಂತ ಬಯಲುಸೀಮೆಯವರಿಗೆ ಗೊತ್ತಾಗುವುದು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ಬೆಳಿಗ್ಗೆ ಅಲ್ಲಿ ಬಸ್ಸು ಹತ್ತಿದರೆ ಸಂಜೆಯೊಳಗೆ ಇಲ್ಲಿರಬಹುದು, ಆದರೆ ಗಾಳಿ ಮಾತ್ರ ಬೇರೆ ದೇಶದ್ದು.

ಈ "ಗಾಳಿ ಬದಲಾಯಿಸಿ" ಅನ್ನುವ ಮಾತು ಎಷ್ಟು ಹಳೆಯದು ಅಂತ ಹುಡುಕುತ್ತಾ ಹೋದೆ. ಬಹಳ ಹಳೆಯದು. ಸುಮಾರು 2,000 ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಕ್ಷಯದ ಬಗ್ಗೆ ಬರೆಯುವಾಗ, ರೋಗಿಗೆ ಶಕ್ತಿ ಇದ್ದರೆ ಹಡಗು ಹತ್ತಿಸಿ, ಇಟಲಿಯಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಕಳಿಸಿ ಅಂದಿದ್ದಾನೆ. ನಮ್ಮ ಚರಕ ಸಂಹಿತೆಯಲ್ಲೂ ನೆಲವನ್ನು ಮೂರು ಬಗೆ ಮಾಡಿದ್ದಾರೆ. ಜೌಗು, ನೀರು, ದಟ್ಟ ಮರ ಇರುವುದು ಆನೂಪ. ಒಣ ನೆಲ, ಬಿಸಿಲು, ಕುರುಚಲು ಗಿಡ ಇರುವುದು ಜಾಂಗಲ. ಎರಡೂ ಬೆರೆತದ್ದು ಸಾಧಾರಣ. ಆನೂಪದಲ್ಲಿ ಕಫದ ಕಾಯಿಲೆ ಜಾಸ್ತಿ, ಜಾಂಗಲದಲ್ಲಿ ರೋಗ ಕಡಿಮೆ ಅನ್ನುವುದು ಅವರ ಲೆಕ್ಕ. ಅದನ್ನು ಓದುವಾಗ ನನಗೆ ಒಂದು ಕಡೆ ಹೊಸನಗರ, ಇನ್ನೊಂದು ಕಡೆ ಚಿತ್ರದುರ್ಗ ಕಣ್ಣ ಮುಂದೆ ಬಂತು. ಶಿವಮೊಗ್ಗದ ಡಾಕ್ಟರು ಇಂಗ್ಲಿಷ್ ವೈದ್ಯ ಕಲಿತವರಿರಬೇಕು, ಆದರೆ ಅವರ ಸಲಹೆಯನ್ನು ಊರಿನ ಪಂಡಿತರೂ ತಲೆಯಾಡಿಸಿ ಒಪ್ಪಿದ್ದು ಇದಕ್ಕೇ ಇರಬೇಕು.

ಯುರೋಪಿನಲ್ಲಿ ಇದು ದೊಡ್ಡ ಪದ್ಧತಿಯೇ ಆಗಿದ್ದು 1800ರ ಆಚೆ ಈಚೆ. ಲಂಡನ್ನಿನ ಮಂಜು, ಕಲ್ಲಿದ್ದಲ ಹೊಗೆ, ಥಂಡಿ. ರೋಗ ಬರುವುದೇ ಕೆಟ್ಟ ಗಾಳಿಯಿಂದ ಅಂತ ನಂಬಿದ್ದ ಕಾಲ. ಹಾಗಾಗಿ ಒಳ್ಳೆ ಗಾಳಿ ಇರುವಲ್ಲಿಗೆ ಹೋದರೆ ವಾಸಿಯಾಗಬೇಕು ಅನ್ನುವುದು ಅವರಿಗೆ ಸರಿಯಾಗೇ ಕಂಡಿತ್ತು. ಮಡೇರಾ ದ್ವೀಪ, ನೀಸ್, ಮೆಂಟನ್, ರೋಮ್, ಈಜಿಪ್ಟ್, ಹೀಗೆ ಚಳಿಗಾಲ ಶುರುವಾಗುವ ಮೊದಲೇ ಕೆಮ್ಮುವವರು ದಕ್ಷಿಣಕ್ಕೆ ಹೊರಡುತ್ತಿದ್ದರು. ದುಡ್ಡಿದ್ದವರು ಮಾತ್ರ. ಜೇಮ್ಸ್ ಕ್ಲಾರ್ಕ್ ಅನ್ನುವ ಡಾಕ್ಟರ್ ಯಾವ ಊರಿನ ಹವೆ ಯಾವ ರೋಗಕ್ಕೆ ಒಳ್ಳೆಯದು ಅಂತ 1829ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮುಂದೆ ಅವರು ವಿಕ್ಟೋರಿಯಾ ರಾಣಿಯ ವೈದ್ಯರಾದರು.

ಆ ಕ್ಲಾರ್ಕ್ ರೋಮಿನಲ್ಲಿದ್ದಾಗ ಅವರ ಕೈಗೆ ಬಂದ ರೋಗಿ ಕವಿ ಜಾನ್ ಕೀಟ್ಸ್. ಕಾಲೇಜಿನಲ್ಲಿ ಕೀಟ್ಸ್ ಓದಿದವರಿಗೆ ಅವನು ಕ್ಷಯದಿಂದ ಸತ್ತ ಅಂತ ಗೊತ್ತು, ಆದರೆ ಹೇಗೆ ಸತ್ತ ಅಂತ ಓದಿದರೆ ನಿದ್ದೆ ಬರುವುದಿಲ್ಲ. ಅವನೇ ವೈದ್ಯ ಕಲಿತವನು. 1820ರ ಫೆಬ್ರವರಿಯಲ್ಲಿ ಹಾಸಿಗೆ ಹೊದಿಕೆಯ ಮೇಲೆ ಬಿದ್ದ ರಕ್ತದ ಬಣ್ಣ ನೋಡಿಯೇ ಇನ್ನು ತಾನು ಉಳಿಯುವುದಿಲ್ಲ ಅಂತ ಅಂದುಕೊಂಡ. ಇಂಗ್ಲೆಂಡಿನ ಇನ್ನೊಂದು ಚಳಿಗಾಲ ತಡೆಯುವುದಿಲ್ಲ, ಇಟಲಿಗೆ ಹೋಗು ಅಂದರು ಡಾಕ್ಟರು. ಸೆಪ್ಟೆಂಬರಿನಲ್ಲಿ ಹಡಗು ಹತ್ತಿದ. ಒಂದು ತಿಂಗಳ ಮೇಲೆ ನೇಪಲ್ಸ್ ಸೇರಿದರೆ, ಅಲ್ಲಿ ಹತ್ತು ದಿನ ಕ್ವಾರಂಟೀನ್ ಅಂತ ಹಡಗಿನಿಂದ ಇಳಿಯಲು ಬಿಡಲಿಲ್ಲ. ಇಕ್ಕಟ್ಟಾದ ಹಡಗು, ರಕ್ತ ಕಾರುವ ಹುಡುಗ. ನವೆಂಬರಿನಲ್ಲಿ ರೋಮ್ ಮುಟ್ಟಿದ. ಕ್ಲಾರ್ಕ್ ಮೊದಮೊದಲು ತೊಂದರೆ ಹೊಟ್ಟೆಯಲ್ಲಿದೆ ಅಂದುಕೊಂಡರು. ಊಟ ತೀರಾ ಕಡಿಮೆ ಮಾಡಿಸಿದರು, ಮೈಯಿಂದ ರಕ್ತ ತೆಗೆದರು. ಆಗಿನ ವೈದ್ಯ ಅದೇ, ಅವರು ಬೇಕಂತ ಮಾಡಿದ್ದಲ್ಲ. 1821ರ ಫೆಬ್ರವರಿ 23ಕ್ಕೆ ಕೀಟ್ಸ್ ಹೋದ. 25 ವರ್ಷ.

ಇದರಲ್ಲಿ ನನ್ನನ್ನು ಬಿಡದೆ ಕಾಡುವುದು ಕಾಗದಗಳ ವಿಷಯ. ಅವನು ಮದುವೆಯಾಗಬೇಕಿದ್ದ ಫ್ಯಾನಿ ಬ್ರಾನ್ ಲಂಡನ್ನಿನಲ್ಲೇ ಉಳಿದಳು. ಅವಳ ಕಾಗದ ರೋಮಿಗೆ ಬರುತ್ತಿತ್ತು. ಅವನಿಗೆ ಒಡೆದು ಓದುವ ಧೈರ್ಯ ಆಗಲಿಲ್ಲ. ಒಡೆಯದ ಆ ಕಾಗದಗಳನ್ನು ಅವನ ಜೊತೆಗೇ ಮಣ್ಣು ಮಾಡಿದರು.

ದುರ್ಗದ ಮಾವನ ಐದನೇ ಕಾರ್ಡಿನಲ್ಲಿ ವಿಳಾಸ ಬೇರೆ ಇದೆ. ಮೊದಲು ಕೋಟೆ ಕೆಳಗಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಕೆಮ್ಮು ಎಂಥದ್ದು ಅಂತ ಮನೆಯವರಿಗೆ ಗೊತ್ತಾಗಿದೆ, ಬಿಡಿಸಿದ್ದಾರೆ. ಮಲಗುತ್ತಿದ್ದ ಚಾಪೆ, ಕುಡಿಯುತ್ತಿದ್ದ ಲೋಟ ಬಿಟ್ಟು ಹೋಗಬೇಡಿ ಅಂದರಂತೆ. ಅಜ್ಜಿ ಇದನ್ನು ಹೇಳುವಾಗಲೆಲ್ಲ ಸಿಟ್ಟಾಗುತ್ತಿದ್ದರು. ನನಗೂ ಚಿಕ್ಕಂದಿನಲ್ಲಿ ಸಿಟ್ಟು ಬರುತ್ತಿತ್ತು. ಈಗ ಆ ಮನೆಯವರ ಭಯ ಅರ್ಥವಾಗುತ್ತದೆ. ಅವರ ಮನೆಯಲ್ಲೂ ಮಕ್ಕಳಿದ್ದವು.

ಸಂಗೀತಗಾರ ಶೋಪಾನ್‌ಗೂ ಇದೇ ಆಗಿತ್ತು. 1838ರ ಚಳಿಗಾಲ ಕಳೆಯಲು ಲೇಖಕಿ ಜಾರ್ಜ್ ಸ್ಯಾಂಡ್ ಮತ್ತು ಅವಳ ಮಕ್ಕಳ ಜೊತೆ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋದ. ಬಿಸಿಲು ಸಿಗುತ್ತದೆ ಅಂತ ಹೋದರೆ ಮಳೆ ಹಿಡಿದುಕೊಂಡಿತು, ಗೋಡೆಯೆಲ್ಲ ಜಿನುಗು. ಕ್ಷಯ ಅಂತ ಸುದ್ದಿ ಹಬ್ಬಿ ಮನೆ ಬಿಡಿಸಿದರು, ಹಾಸಿಗೆ ಸುಡುವ ಖರ್ಚನ್ನೂ ವಸೂಲು ಮಾಡಿದರು. ಕೊನೆಗೆ ಬೆಟ್ಟದ ಮೇಲಿನ ಹಳೇ ಮಠವೊಂದರಲ್ಲಿ ಉಳಿದರು. ಆಗ ಇಂಗ್ಲೆಂಡ್, ಫ್ರಾನ್ಸಿನ ಡಾಕ್ಟರುಗಳು ಕ್ಷಯ ವಂಶದಿಂದ ಬರುವುದು ಅನ್ನುತ್ತಿದ್ದರು. ಇಟಲಿ, ಸ್ಪೇನಿನವರು ಅದು ಅಂಟುತ್ತದೆ ಅನ್ನುತ್ತಿದ್ದರು. ಕೀಟ್ಸ್ ಸತ್ತ ಕೋಣೆಯ ಸಾಮಾನನ್ನೂ ಕಾನೂನಿನಂತೆ ಸುಟ್ಟರು. ಇಟಲಿ, ಸ್ಪೇನಿನವರು ಹೇಳಿದ್ದೇ ಸರಿ ಅಂತ ಗೊತ್ತಾಗಲು 1882ರ ಮಾರ್ಚ್ 24 ಬರಬೇಕಾಯಿತು. ಅವತ್ತು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದರು.

ಆ ಹೊತ್ತಿಗೆ ಸಲಹೆಯೇ ತಿರುಗಿತ್ತು. ಬಿಸಿಲಲ್ಲ, ಬೆಟ್ಟದ ಥಂಡಿ ಗಾಳಿ ಒಳ್ಳೆಯದು ಅಂತ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಜನ ಹೋಗತೊಡಗಿದರು. ಹಿಮದ ನಡುವೆ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗುವುದು. ನಮ್ಮ ಗಣಿತಜ್ಞ ರಾಮಾನುಜನ್ ಸಿಕ್ಕಿಕೊಂಡದ್ದು ಇದರಲ್ಲೇ. ಕುಂಭಕೋಣದ ಮನುಷ್ಯ, ಇಂಗ್ಲೆಂಡಿನ ಸ್ಯಾನಿಟೋರಿಯಂನಲ್ಲಿ, ಅಂದರೆ ಕ್ಷಯ ರೋಗಿಗಳ ಆಸ್ಪತ್ರೆಯಲ್ಲಿ, ಕಿಟಕಿ ತೆರೆದಿಟ್ಟು ಮಲಗಿಸಿದರು. ಚಳಿ ತಡೆಯಲಾಗುತ್ತಿಲ್ಲ ಅಂತ ಗೋಳಾಡಿದರು. ಊಟವೂ ಸೇರಲಿಲ್ಲ. ಕೊನೆಗೆ ನಿಮ್ಮ ದೇಶದ ಬಿಸಿಲಲ್ಲೇ ಗುಣವಾಗಬಹುದು ಅಂತ 1919ರಲ್ಲಿ ಕಳಿಸಿದರು. ಕಾವೇರಿ ದಡದ ಕೊಡುಮುಡಿ, ಕುಂಭಕೋಣ, ಮದ್ರಾಸು ಅಂತ ತಿರುಗಿಸಿದರು. 1920ರ ಏಪ್ರಿಲ್ 26ಕ್ಕೆ ಹೋದರು, 32 ವರ್ಷಕ್ಕೆ. ಅದು ಕ್ಷಯವೇ ಅಲ್ಲ, ಯಕೃತ್ತಿಗೆ ತಗುಲಿದ ಅಮೀಬಾ ಸೋಂಕು ಇರಬೇಕು, ಆಗಿನ ಕಾಲಕ್ಕೇ ವಾಸಿ ಮಾಡಬಹುದಿತ್ತು ಅಂತ ಹಳೇ ದಾಖಲೆ ನೋಡಿದ ಡಾಕ್ಟರೊಬ್ಬರು 1994ರಲ್ಲಿ ಬರೆದರು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಗಾಳಿ ಸರಿಯಿಲ್ಲ ಅಂದುಬಿಟ್ಟರೆ ನಿಜವಾದ ಕಾಯಿಲೆ ಏನು ಅಂತ ಹುಡುಕುವುದೇ ನಿಂತುಹೋಗುತ್ತದೆ ಅಲ್ವಾ?

ಹಾಗಂತ ಹೋದವರೆಲ್ಲ ಸತ್ತರು ಅಂತಲ್ಲ. ಜೇಮ್ಸ್ ಹೆನ್ರಿ ಬೆನೆಟ್ ಅನ್ನುವ ಇಂಗ್ಲಿಷ್ ಡಾಕ್ಟರ್ 1859ರಲ್ಲಿ, ಸಾಯುವುದಾದರೆ ಸಮುದ್ರದ ಹತ್ತಿರ ಸಾಯೋಣ ಅಂತ ಮೆಂಟನ್‌ಗೆ ಹೋದರು, ಹುಷಾರಾದರು, ಆಮೇಲೆ ಅವರ ಮಾತು ನಂಬಿ ಸಾವಿರಾರು ಜನ ಅಲ್ಲಿಗೆ ಹೋದರು. ಔಷಧಿ ಇಲ್ಲದ ಕಾಲದಲ್ಲೂ ಕೆಲವರ ಮೈಯೇ ಕ್ಷಯವನ್ನು ಅದುಮಿ ಹಾಕುತ್ತಿತ್ತು. ಅವರು ಯಾವ ಊರಲ್ಲಿದ್ದರೋ ಆ ಊರಿಗೆ ಹೆಸರು ಬರುತ್ತಿತ್ತು. ವಿಶ್ರಾಂತಿ, ಹಾಲು, ಮೊಟ್ಟೆ ಇವು ಸುಳ್ಳಲ್ಲ. ಜಾರ್ಖಂಡಿನಲ್ಲಿ ಕ್ಷಯ ಬಂದವರ ಮನೆಮಂದಿಗೆ ತಿಂಗಳು ತಿಂಗಳು ರೇಷನ್ ಕೊಟ್ಟು ನೋಡಿದಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು 40% ಕಡಿಮೆಯಾಯಿತು ಅಂತ 2023ರಲ್ಲಿ ಪ್ರಕಟವಾಗಿದೆ. ಹೊಟ್ಟೆ ತುಂಬ ಊಟಕ್ಕೆ ಅಷ್ಟು ಬಲ ಇದೆ.

ಇನ್ನು ನಮ್ಮ ದುರ್ಗದ ಹವೆ. ಮಾವನನ್ನು ಗುಣವಾಗಲಿ ಅಂತ ಕಳಿಸಿದ ಅದೇ ಊರಲ್ಲಿ ಹಿಂದೆ ಬ್ರಿಟಿಷರ ದಂಡು ಇತ್ತು. ಆರೋಗ್ಯಕ್ಕೆ ಈ ಜಾಗ ಒಳ್ಳೆಯದಲ್ಲ ಅಂತ ಅವರು ಬಿಟ್ಟುಹೋದರು. ಹಳೇ ಇಂಗ್ಲಿಷ್ ವಿಶ್ವಕೋಶದಲ್ಲಿ ಚಿತ್ರದುರ್ಗದ ಬಗ್ಗೆ ಇರುವ ನಾಲ್ಕೈದು ಸಾಲಿನಲ್ಲಿ ಇದೂ ಒಂದು. ಒಬ್ಬರಿಗೆ ಕಾಯಿಲೆ ತಂದ ಊರಿಗೆ ಇನ್ನೊಬ್ಬರು ಕಾಯಿಲೆ ಕಳೆಯಲು ಬರುತ್ತಾರೆ. ಇಂಡಿಯಾದ ಬಿಸಿಲು ತಡೆಯದೆ ಇಂಗ್ಲಿಷರು ಊಟಿಗೋ ದಕ್ಷಿಣ ಆಫ್ರಿಕಾದ ಕೇಪ್‌ಗೋ ಹೋಗುತ್ತಿದ್ದ ಕಾಲದಲ್ಲೇ, ಅವರ ಅಣ್ಣ ತಮ್ಮಂದಿರು ಲಂಡನ್ನಿನಿಂದ ಬಿಸಿಲು ಹುಡುಕಿಕೊಂಡು ಈಜಿಪ್ಟಿಗೆ ಹೋಗುತ್ತಿದ್ದರು.

ಮಾವ ತೀರಿಕೊಂಡದ್ದು 1948ರ ಕೊನೆಯಲ್ಲಿ. ಸುದ್ದಿ ಮನೆಗೆ ಮುಟ್ಟಿದ್ದು ಮೂರನೇ ದಿನ. ಯಾರೂ ಹೋಗಲಾಗಲಿಲ್ಲ. ಸ್ಟ್ರೆಪ್ಟೊಮೈಸಿನ್ ಅನ್ನುವ ಔಷಧಿಯನ್ನು ಅಮೆರಿಕದಲ್ಲಿ 1943ರಲ್ಲೇ ಕಂಡುಹಿಡಿದಿದ್ದರು, ಆದರೆ ಅದು ಕೋಟೆ ಊರಿನ ಬಾಡಿಗೆ ಕೋಣೆಯವರೆಗೆ ಬಂದಿರಲಿಲ್ಲ. ಅಜ್ಜಿ ಕೊನೆವರೆಗೂ ಒಂದೇ ಮಾತು ಹೇಳುತ್ತಿದ್ದರು. "ಸಾಯೋದಾದ್ರೆ ನಮ್ಮ ಜಗಲೀಲೆ ಸಾಯ್ತಿದ್ದ. ನೀರು ಕೊಡೋಕೆ ನಾನಿರ್ತಿದ್ದೆ." ಅಜ್ಜಿಯ ಮಡಿಲಲ್ಲಿ ಆಗ ಎಳೇ ಮಗು. ಮಾವ ಮನೆಯಲ್ಲೇ ಇದ್ದಿದ್ದರೆ ಆ ಮಗುವಿಗೂ ಅಂಟಬಹುದಿತ್ತು. ಅಜ್ಜಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಆ ಮಾತು ನಿಲ್ಲಲಿಲ್ಲ.

ಮೈಸೂರಿನಲ್ಲಿ ಆಗಲೇ ಸ್ಯಾನಿಟೋರಿಯಂ ಇತ್ತು, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ನಾಲ್ವಡಿಯವರ ಸೋದರಿ ಅವರು. ಅವರೂ ಅವರ ಹೆಣ್ಣುಮಕ್ಕಳೂ ಕ್ಷಯದಿಂದಲೇ ಹೋದರು. ಅರಮನೆಯ ಗಾಳಿ, ಅರಮನೆಯ ಊಟ, ಯಾವುದೂ ತಡೆಯಲಿಲ್ಲ.

ಈ ಕಥೆಗೆಲ್ಲ ಉತ್ತರ ಸಿಕ್ಕಿದ್ದು ಲಂಡನ್ನಿನಲ್ಲೂ ಅಲ್ಲ, ದಾವೋಸಿನಲ್ಲೂ ಅಲ್ಲ, ಮದ್ರಾಸಿನಲ್ಲಿ. ಇದು ನಮ್ಮ ಶಾಲೆ ಪುಸ್ತಕದಲ್ಲಿ ಯಾಕಿಲ್ಲ ಅಂತ ನನಗೆ ನಿಜವಾಗಿಯೂ ಬೇಜಾರಿದೆ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾಯಿತು. ಊರಿನ 193 ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ, ಒಳ್ಳೆ ಊಟ, ಒಳ್ಳೆ ಗಾಳಿ, ಪೂರ್ತಿ ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ತಮ್ಮ ಮನೆಯಲ್ಲೇ, ಇಕ್ಕಟ್ಟಿನ ಕೋಣೆ, ಸಿಕ್ಕಿದ ಊಟ, ಎದ್ದು ಓಡಾಡುವಂತಾದ ಮೇಲೆ ಕೆಲಸವೂ. ಇಬ್ಬರಿಗೂ ಅದೇ ಮಾತ್ರೆ, ಐಸೋನಿಯಾಜಿಡ್ ಮತ್ತು ಪಿಎಎಸ್, 12 ತಿಂಗಳು. 1959ರಲ್ಲಿ ಫಲಿತಾಂಶ ಹೊರಬಂತು. ಮನೆಯಲ್ಲಿದ್ದವರು ಹೆಚ್ಚೂಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ರೋಗ ಅಂಟುವುದೂ ಜಾಸ್ತಿಯಾಗಲಿಲ್ಲ, ಯಾಕೆಂದರೆ ಮಾತ್ರೆ ಶುರುವಾದ ಮೇಲೆ ಅಂಟುವ ಗುಣವೇ ಬೇಗ ಇಳಿಯುತ್ತದೆ. ಗುಣ ಮಾಡಿದ್ದು ಮಾತ್ರೆ, ಬಿಡದೆ ನುಂಗಿದ ಮಾತ್ರೆ. ಅಲ್ಲಿಂದ ಮುಂದೆ ಒಂದೊಂದೇ ದೇಶದಲ್ಲಿ ಸ್ಯಾನಿಟೋರಿಯಂಗಳು ಖಾಲಿಯಾದವು. ಮಾವ ತೀರಿಕೊಂಡು ಆಗ 11 ವರ್ಷವಾಗಿತ್ತು.

ಚಿಕ್ಕಮ್ಮನದು ಕ್ಷಯವಲ್ಲ, ಉಬ್ಬಸ, ಅಸ್ತಮಾ. ಅಸ್ತಮಾಕ್ಕೆ ಹವೆಗೂ ಸಂಬಂಧ ಇದೆ. ಮಲೆನಾಡಿನ ತೇವದಲ್ಲಿ ಗೋಡೆಗೆ, ಬೀರುವಿಗೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ ಬೆಳೆಯುತ್ತದೆ. ಇವೆರಡೂ ಉಬ್ಬಸ ಕೆರಳಿಸುತ್ತವೆ. ದಾವಣಗೆರೆಗೆ ಬಂದ ಮೊದಲ ವಾರ ಚಿಕ್ಕಮ್ಮ ನಿಜಕ್ಕೂ ಚೆನ್ನಾಗಿದ್ದರು. ಮಾಳಿಗೆ ಮೇಲೆ ಸೀರೆ ಹರವಿ ಕೆಳಗಿಳಿದು ಕಾಫಿ ಕುಡಿದು ಮತ್ತೆ ಹತ್ತಿದರು. "ಆಗಲೇ ಒಣಗಿದೆಯಲ್ಲೇ!" ಅಂತ ಮೇಲಿಂದಲೇ ಕೂಗಿದರು. ನಾನು ಓಡಿಹೋಗಿ ಬಿಸ್ಕತ್ ಡಬ್ಬಿ ತಂದು ಎರಡನೇ ಕಾರ್ಡು ಕೈಗೆ ಕೊಟ್ಟೆ. ಕನ್ನಡಕ ಇಲ್ಲದೆ ದೂರ ಹಿಡಿದು ಓದಿದರು. ಒಣಗಿದ ಸೀರೆ ಹೆಗಲ ಮೇಲೇ ಇತ್ತು. ಎರಡು ಸಲ ಓದಿದರು, ಏನೂ ಅನ್ನಲಿಲ್ಲ.

ಎರಡನೇ ವಾರಕ್ಕೆ ಕೆಮ್ಮು ಮತ್ತೆ ಬಂತು. ನಮ್ಮ ಕಡೆ ಸಂಜೆ ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಗಳ ಹೊಗೆ ಬರುತ್ತದೆ. ಮಂಡಕ್ಕಿ ನಮ್ಮ ಊರಿನ ಹೆಮ್ಮೆ, ಎಷ್ಟೋ ಮನೆಗಳ ಅನ್ನ, ಆದರೆ ಭಟ್ಟಿ ಮುಂದೆ ನಿಂತು ಹುರಿಯುವವರ ಎದೆಗೆ, ಸುತ್ತಲಿನವರ ಎದೆಗೆ ಆ ಹೊಗೆ ಒಳ್ಳೆಯದಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಎದೆ ಮಟ್ಟ ಬೆಳೆದು ಹೂ ಬಿಟ್ಟಿತ್ತು, ಅದರ ಪರಾಗ ಬೇರೆ. ಅಮೆರಿಕದ ಅರಿಜೋನಾದಲ್ಲೂ ಹೀಗೇ ಆಯಿತು. ಒಣ ಹವೆಗೆ ಉಬ್ಬಸ ಕಡಿಮೆಯಾಗುತ್ತದೆ ಅಂತ ಜನ ಅಲ್ಲಿಗೆ ಹೋಗಿ ನೆಲೆಸಿದರು. ತಮ್ಮ ಊರಿನ ನೆನಪಿಗೆ ಹುಲ್ಲು ಬೆಳೆಸಿದರು, ಹಿಪ್ಪುನೇರಳೆ, ಆಲಿವ್ ಮರ ನೆಟ್ಟರು, ಅವುಗಳ ಪರಾಗವೇ ಮತ್ತೆ ಮೂಗು ಎದೆ ಕಟ್ಟಿಸಿತು. ಟ್ಯೂಸಾನ್ ಕಡೆ ಆ ಮರಗಳನ್ನು ಮಾರಬಾರದು ಅಂತ ಕಾನೂನೇ ಮಾಡಬೇಕಾಯಿತು.

ಇಲ್ಲಿ ಒಬ್ಬ ಎದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಊದಿಸಿ ನೋಡಿದರು. ಆಮೇಲೆ ಚಿಕ್ಕಮ್ಮನ ಚೀಲದಲ್ಲಿದ್ದ ಇನ್ಹೇಲರ್ ತೆಗೆಸಿ, ಹೇಗೆ ಎಳೀತೀರಿ ತೋರಿಸಿ ಅಂದರು. ಚಿಕ್ಕಮ್ಮ ಬಾಯಿಗಿಟ್ಟು ಒತ್ತಿದರು, ಔಷಧಿ ಎಲ್ಲಾ ಹೊಗೆಯಂತೆ ಹೊರಗೇ ಬಂತು. ನಾಲ್ಕು ವರ್ಷದಿಂದ ಹಾಗೇ ಮಾಡುತ್ತಿದ್ದರು. ಅದೂ ಉಸಿರು ಕಟ್ಟಿದಾಗ ಮಾತ್ರ. ದಿನಾ ಎರಡು ಹೊತ್ತು ತಗೊಳ್ಳಬೇಕಾದ ಇನ್ನೊಂದು ಇನ್ಹೇಲರ್ ಇದೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಡಾಕ್ಟರ್ ಒಂದು ಸ್ಪೇಸರ್ ಬರೆದುಕೊಟ್ಟರು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಒಂದು ಗೇಣುದ್ದ. ಒತ್ತಿ, ನಿಧಾನ ಎಳೆದು, ಹತ್ತು ಎಣಿಸುವ ತನಕ ಹಿಡಿದು, ಆಮೇಲೆ ಬಾಯಿ ಮುಕ್ಕಳಿಸಬೇಕು. ಅಡುಗೆಮನೆ ಬಾಗಿಲಲ್ಲಿ ನಾನು ಎಣಿಸುತ್ತಿದ್ದೆ, ಚಿಕ್ಕಮ್ಮ ಕಣ್ಣು ಮುಚ್ಚಿ ಉಸಿರು ಹಿಡಿಯುತ್ತಿದ್ದರು. ಮೂರು ವಾರಕ್ಕೆ ಮೆಟ್ಟಿಲು ಹತ್ತುವಾಗ ನಿಲ್ಲುವುದು ಬಿಟ್ಟರು.

ನಾಲ್ಕು ತಿಂಗಳು ಅಂತ ಬಂದವರು ಆಗಸ್ಟ್ ಮೊದಲ ವಾರವೇ ಹೊರಟರು. ಇನ್ನೂ ಮಳೆ ಇದೆ, ಇರಿ ಅಂದೆ. "ಇಲ್ಲ ಕಣೇ, ನಿಮ್ಮ ಚಿಕ್ಕಪ್ಪ ಬರೀ ಉಪ್ಪಿನಕಾಯಿ ಅನ್ನ ತಿಂತಿದಾರೆ" ಅಂದರು. ಸ್ಪೇಸರನ್ನು ಬೆಳ್ಳಿ ಸಾಮಾನಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ ಚೀಲದ ನಡುವೆ ಇಟ್ಟುಕೊಂಡರು. ಎರಡನೇ ಕಾರ್ಡು ನಾನೇ ಕೊಟ್ಟು ಕಳಿಸಿದೆ.

ನಿನ್ನೆ ಫೋನ್ ಮಾಡಿದ್ದರು. ಬಿಡದೆ ಮಳೆಯಂತೆ, ಕರೆಂಟಿಲ್ಲ, ಗೋಡೆ ಬೂಷ್ಟಿಗೆ ಚಿಕ್ಕಪ್ಪನ ಕೈಲಿ ಸುಣ್ಣ ಹೊಡೆಸಿದ್ದಾರಂತೆ. ಮೂರು ದಿನದ ಬಟ್ಟೆ ಇನ್ನೂ ಹಸಿಯಂತೆ. "ರಾತ್ರಿ ಒಂದೇ ನಿದ್ದೆ ಕಣೇ, ಬೆಳಗಾದದ್ದೇ ಗೊತ್ತಾಗಲಿಲ್ಲ" ಅಂದರು. ನಡುವೆ ಒಮ್ಮೆಯೂ ಉಸಿರಿಗೆ ನಿಲ್ಲಲಿಲ್ಲ.